ಕಾಲು ಲೆಕ್ಕ

ಬೆಳಿಗ್ಗೆ ಆರಕ್ಕೆ ಬೆಲ್ಟು ಹೊರಡುತ್ತದೆ.
ನಾವು ನಿಲ್ಲುತ್ತೇವೆ.

ಹಬೆಯಲ್ಲಿ ಬೆಂದ ನೀಲಿಕಲ್ಲು
ಬಾಯಿ ಬಿಟ್ಟುಕೊಂಡೇ ಬರುತ್ತವೆ.
ಕಿತ್ತಳೆ ತಿರುಳು ತೆಗೆ, ಚಿಪ್ಪು ಎಸೆ,
ತೆಗೆ, ಎಸೆ.
ಕೈಗಾದರೂ ಎರಡು ಕೆಲಸ.
ಕಾಲಿಗೆ ಒಂದೇ:
ಇದ್ದಲ್ಲೇ ಇರುವುದು.

ಚಿಲೊಯೆ ದ್ವೀಪದಲ್ಲಿ ಚಳಿ ಕೆಳಗಿನಿಂದ ಬರುತ್ತದೆ.
ತೊಳೆದ ನೀರು ಬೂಟಿನ ಸುತ್ತ ಸುತ್ತಿ
ಜಾಲರಿಗೆ ಇಳಿಯುತ್ತದೆ, ಅದಕ್ಕೆ ಹೋಗಲು ದಾರಿಯಿದೆ.

ಮೊದಲ ಗಂಟೆ ಕಾಲಿದೆ ಎಂಬ ನೆನಪೇ ಇರುವುದಿಲ್ಲ.
ಎಂಟಕ್ಕೆ ಹಿಮ್ಮಡಿಯಲ್ಲಿ ಯಾರೋ ಸಣ್ಣ ಮೊಳೆ ಇಡುತ್ತಾರೆ,
ಹೊಡೆಯುವುದಿಲ್ಲ, ಇಟ್ಟಿರುತ್ತಾರೆ ಅಷ್ಟೇ.
ಒಂಬತ್ತೂವರೆಗೆ ಮೀನಖಂಡ
ಒದ್ದೆಯಾದ ಹಿಟ್ಟಿನ ಚೀಲ.
ಹನ್ನೊಂದಕ್ಕೆ ನೋವು ಮೊಣಕಾಲು ದಾಟಿ
ಸೊಂಟಕ್ಕೆ ಹೋಗಿ ಕೂರುತ್ತದೆ.
ನೋಡಿ, ಅದಕ್ಕೆ ಕೂರಲು ಜಾಗ ಸಿಕ್ಕಿತು.

ಎಡಗಾಲಿಗೊಮ್ಮೆ ಭಾರ, ಬಲಗಾಲಿಗೊಮ್ಮೆ.
ಇಬ್ಬರು ಮಕ್ಕಳಿಗೆ ಒಂದೇ ಕಂಬಳಿಯಿದ್ದವಳ ಹಾಗೆ
ಆಚೆಗೆಳೆದು ಈಚೆಗೆಳೆದು
ಒಬ್ಬರನ್ನು ಯಾವಾಗಲೂ ಚಳಿಗೆ ಬಿಟ್ಟು.

ಬಿಡುವು ಕಾಲು ಗಂಟೆ.
ಇಡೀ ದಿನದಲ್ಲಿ ಕಾಲಿಗೆಂದು ಸಿಕ್ಕಿದ್ದು ಅದೇ ಕಾಲು.
ಬೂಟು ಬಿಚ್ಚಲು ಮೂರು ನಿಮಿಷ, ತೊಡಲು ಎಂಟು,
ಊದಿದ ಪಾದ ಬಂದ ದಾರಿಯಲ್ಲಿ ಹಿಂದಿರುಗುವುದಿಲ್ಲ.
ಹಾಗಾಗಿ ಯಾರೂ ಬಿಚ್ಚುವುದಿಲ್ಲ.
ಚಹಾ ಕುಡಿಯುತ್ತೇವೆ, ಬೂಟಿನೊಳಗೆ ಬೆರಳು ಮಡಚಿ, ಬಿಡಿಸಿ.

ಮಾರ್ಚ್‌ನಲ್ಲಿ ಇಲಾಖೆಯವನೊಬ್ಬ ಬಂದು
ಏನೋ ಬರೆದುಕೊಂಡು ಹೋದ.
ಏಪ್ರಿಲ್‌ನಲ್ಲಿ ಕುರ್ಚಿ ಬಂತು.
ನಲವತ್ತೊಂದು ಜನಕ್ಕೆ ಒಂದು.
ಸುತ್ತಿದ ಪ್ಲಾಸ್ಟಿಕ್ಕು ಇನ್ನೂ ತೆಗೆದಿಲ್ಲ,
ಗೋಡೆಗೊತ್ತಿ ನಿಂತಿದೆ.
ಪಾಪ, ಅದೂ ಬೆಳಿಗ್ಗೆಯಿಂದ ನಿಂತೇ ಇದೆ.

ಎದುವಿನಾ ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ.
ಅವಳ ಕಾಲಿನ ನರಗಳು
ಕಾಲುಚೀಲದ ಮೇಲಿಂದಲೇ ಎಣಿಸಲು ಸಿಗುತ್ತವೆ.
ಅವಳೇ ಲೆಕ್ಕ ಹೇಳಿದ್ದು:
"ಕುರ್ಚಿಗೆ ನಾಲ್ಕು ಕಾಲು.
ನಾಲ್ಕು ಕಾಲು ಸೇರಿದರೆ ಒಂದು.
ನಮಗೆ ಎರಡೇ. ನಾವು ಅರ್ಧ.
ಅರ್ಧದವರಿಗೆ ಪೂರ್ತಿ ಪಾಳಿ,
ನೋಡು ನೋಲ್ಫಾ, ಹೇಗಿದೆ ಗಣಿತ?"
ನಗು ಬಂತು. ನಕ್ಕರೆ ಸೊಂಟ ಹಿಡಿಯುತ್ತದೆಂದು
ಅರ್ಧವೇ ನಕ್ಕೆ.

ಕಳೆದ ಗುರುವಾರ ಕರೆಂಟು ಹೋಯಿತು.
ಬೆಲ್ಟು ನಿಂತಿತು.
ಮಾತಿನ ಮೋಸ ನೋಡಿ,
ಅದು ನಿಂತರೆ ವಿರಾಮ,
ನಾವು ನಿಂತರೆ ಕೆಲಸ.

ಕತ್ತಲು ಎಂದರೆ ನನ್ನ ಕೈ ನನಗೆ ಕಾಣದ ಕತ್ತಲು.
ಮೊದಲು ಯಾರೂ ಅಲುಗಲಿಲ್ಲ, ಅಭ್ಯಾಸ.
ಆಮೇಲೆ ಒಂದು ಕ್ರೇಟು ಮಗುಚಿದ ಸದ್ದು.
ಇನ್ನೊಂದು. ಯಾರೋ ನೆಲಕ್ಕೇ ಕುಸಿದು, ಒದ್ದೆಯಲ್ಲೇ,
"ಅಮ್ಮಾ" ಅಂದರು.
ನಾನೂ ಕೂತೆ.
ಗೋಡೆಯಾಚೆ ಕಡಲಿದೆಯಂತೆ,
ಆರು ವರ್ಷದಲ್ಲಿ ಅದು ಮೊದಲ ಸಲ ಕೇಳಿಸಿತು.

ಅಷ್ಟರಲ್ಲಿ ಗೋಡೆಯ ಕಡೆಯಿಂದ
ಪ್ಲಾಸ್ಟಿಕ್ಕಿನ ಚರಚರ.
ಒಂದು ಉಸಿರು, ಉದ್ದದ್ದು,
ಹೊರೆ ಇಳಿಸಿದವರು ಬಿಡುವಂಥದ್ದು.

ಹನ್ನೊಂದು ನಿಮಿಷಕ್ಕೆ ದೀಪ ಬಂತು.
ನಲವತ್ತೊಂದು ಹೆಂಗಸರು ಮಂಡಿ ಹಿಡಿದು ಎದ್ದೆವು.
ಕುರ್ಚಿ ಖಾಲಿ.
ಪ್ಲಾಸ್ಟಿಕ್ಕಿನ ನಡುವೆ ಕೂತವರ ಗುಂಡಿ,
ಮೆಲ್ಲಗೆ ಮೇಲೇಳುತ್ತಾ ಇತ್ತು.
ಒಣಗಿದ ಗುಂಡಿ.
ನಮ್ಮಲ್ಲಿ ಒದ್ದೆಯಾಗದ ಬಟ್ಟೆ
ಯಾರ ಮೈಮೇಲೂ ಇರಲಿಲ್ಲ.

ಮೇಸ್ತ್ರಿ ಒಯಾರ್ಸೂನ್ ಸ್ವಿಚ್ಚಿನ ಹತ್ತಿರ ನಿಂತಿದ್ದ,
ಒಂದು ಕಾಲಿಗೆ ಭಾರ ಬಿಟ್ಟು.
ಕೂತವರ್ಯಾರು ಎಂದು ಕೇಳಲಿಲ್ಲ.
ನಾವೂ ಹೇಳಲಿಲ್ಲ.
ಬೆಲ್ಟು ಹೊರಟಿತು.

ರಾತ್ರಿ ಸೌದೆ ಒಲೆಯ ಪಕ್ಕ
ನೆಲದಲ್ಲಿ ಅಂಗಾತ ಮಲಗಿ
ಡಾಕ್ಟರು ಹೇಳಿದಂತೆ
ಕಾಲೆರಡನ್ನೂ ಗೋಡೆಗೆ ಏರಿಸಿದ್ದೇನೆ.
ರಕ್ತ ಇಳಿಯುತ್ತಿದೆ, ಜುಮುಜುಮು.
ಮೇಲೆ ನೋಡಿದರೆ ಅವು
ಅಲ್ಲೂ ನೆಟ್ಟಗೆ, ಜೊತೆಜೊತೆಗೆ,
ಪಾಳಿಗೆ ಹಾಜರಾದವರ ಹಾಗೆ
ನಿಂತಿವೆ.